ರಾತ್ರಿ ಪಾಳಿ

ದಾಲ್ ಮಿಲ್ಲು ನಿಂತ ಮೂರನೆಯ ರಾತ್ರಿ
ಆಯಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.
"ಗಿರಣಿ ಚಾಲೂ ಆತೇನ?"
ಇಲ್ಲ ಆಯಿ, ಲಾಕ್‌ಡೌನ್.
"ಮತ್ತ ಈ ಸಪ್ಪಳ ಎಲ್ಲಿದು?"

ನಲವತ್ತು ವರ್ಷ ಮಿಲ್ಲಿನ ಗೋಡೆಗೆ ತಲೆಯಿಟ್ಟು ಮಲಗಿದವಳು,
ತೊಗರಿ ಒಡೆಯುವ ಸದ್ದು ನಿಂತರೆ
ನಿದ್ದೆ ಹಾರಿಹೋಗುತ್ತದೆ ಆಕೆಗೆ.
ಕತ್ತಲಲ್ಲಿ ಕಿವಿಯಿಂದ ತಡಕಾಡಿದಳಂತೆ:
ಹಾದಿಯಲ್ಲಿಲ್ಲ, ಮಾಳಿಗೆ ಮೇಲಿಲ್ಲ,
ಪಕ್ಕದ ದಿಂಬಿನಲ್ಲಿ,
ನನ್ನ ಬಾಯೊಳಗೆ.

"ಹೊಟ್ಟ್ಯಾಗ ಜಂತ ಆಗ್ಯಾವ," ಬೆಳಿಗ್ಗೆ ಅವ್ವ.
"ನಿದ್ದ್ಯಾಗ ಹಲ್ಲ ಕಡದ್ರ ಮನೀನೇ ತಿಂತಾವ,"
ಎದುರುಮನೆ ಗೌರಾಬಾಯಿ, ಕಿಟಕಿಯಿಂದ,
ಮೂಗಿನ ತನಕ ಸೆರಗು.
ಅಪ್ಪ ಏನೂ ಅನ್ನಲಿಲ್ಲ.
ಹಮಾಲಿ ಚೀಟಿಗಳನ್ನು ಎಣಿಸಿ ಡಬ್ಬಿಗಿಟ್ಟ,
ತೆಗೆದು ಮತ್ತೆ ಎಣಿಸಿದ.

ಜಂತವಲ್ಲ ಅವ್ವ, ನಾಲ್ಕನೆಯ ಸೆಮಿಸ್ಟರು.
ಪರೀಕ್ಷೆ ಇದೆ ಅಂದರು, ಇಲ್ಲ ಅಂದರು, ಇದೆ ಅಂದರು.
ಕೆಮಿಸ್ಟ್ರಿ ಲ್ಯಾಬಿಗೆ ಬೀಗ;
ಅರ್ಧಕ್ಕೆ ಬಿಟ್ಟ ಟೈಟ್ರೇಷನ್ನಿನ ಗುಲಾಬಿ ಬಣ್ಣ
ಯಾವ ಫ್ಲಾಸ್ಕಿನ ತಳದಲ್ಲಿ ಒಣಗುತ್ತಿದೆಯೋ.

ಮಾಳಿಗೆ ಮೇಲೆ ಸಿಂಟೆಕ್ಸಿನ ನೆರಳಲ್ಲಿ ಮಾತ್ರ
ಎರಡು ಕಡ್ಡಿ ನೆಟ್‌ವರ್ಕು.
ಕಲಬುರಗಿಯ ಬಿಸಿಲು, ಅಂಗಾಲು ಸುಡುವ ಫರಸಿ.
ಸರ್ ಮುಖ ಬಾಯಿ ತೆರೆದಲ್ಲೇ ನಿಂತು,
ಚೌಕ ಚೌಕ ಒಡೆದು, ಮತ್ತೆ ಕೂಡಿಕೊಂಡು
"ಕೇಳಸ್ಲಾಕತ್ತದೇನ್ರಿ? ಕೇಳಸ್ಲಾಕತ್ತದೇನ್ರಿ?"
ಹೌದು ಎಂದು ಬರೆಯುವಷ್ಟರಲ್ಲಿ ಡಾಟಾ ಮುಗಿಯಿತು.

ಜೂನಿನ ಒಂದು ಮಧ್ಯಾಹ್ನ ಅನ್ನದಲ್ಲಿ ಹರಳು ಸಿಕ್ಕಿತು.
ಉಗುಳಿ ನೋಡಿದರೆ ಹರಳಲ್ಲ,
ತೊಗರಿ ನುಚ್ಚಿನಷ್ಟು ನನ್ನದೇ ದವಡೆ ಹಲ್ಲು.
"ಅಕ್ಕಿ ಛಂದಗೆ ಆರಿಸಿಲ್ಲ ನಾ," ಅವ್ವ ತನ್ನನ್ನೇ ಬೈದುಕೊಂಡಳು.
ಬೈದುಕೊಳ್ಳಲಿ ಎಂದು ಬಿಟ್ಟೆ.
ಹಲ್ಲಿನ ಡಾಕ್ಟರ ದವಾಖಾನೆಗೆ ಶಟರ್,
ಫೋನಿನಲ್ಲಿ ಮಾತ್ರ ಸಿಕ್ಕರು: "ಏನರ ಟೆನ್ಷನ್ ಅದ ಏನವಾ?"
ನಗು ಬಂತು. ನಕ್ಕರೆ
ಕಿವಿಯ ಬುಡದಲ್ಲಿ ಕಟ್ಟೆಂದಿತು.

ಆಯಿಯದು ಬೇರೆ ಮದ್ದು.
ಮಲಗುವ ಮುಂಚೆ ಕೈಗೊಂದು ಖಡಕ್ ರೊಟ್ಟಿ.
"ಹಲ್ಲಿಗಿ ಕೆಲಸ ಕೊಡು. ಕೆಲಸ ಇಲ್ಲಂದ್ರ
ಒಂದಕ್ಕೊಂದು ತಿಂತಾವ, ಮನಷ್ಯಾರಂಗ."
ಮುರಿದ ಕಡೆ ತಪ್ಪಿಸಿ ಜಗಿಯುತ್ತಿದ್ದೆ.

ವೈವಾದ ಹಿಂದಿನ ರಾತ್ರಿ, ಕಾಲ್ ಕಟ್ ಮಾಡದೆ ಓದೋಣವೆಂದು
ಐದು ಊರಿನ ಐದು ಮಂದಿ ಕೂತೆವು.
ಒಬ್ಬೊಬ್ಬರ ದನಿಯೂ ಪುಟದ ನಡುವೆ ಸಣ್ಣಗಾಯಿತು.
ಎರಡೂವರೆಗೆ ಎಚ್ಚರ. ಎದೆಯ ಮೇಲೆ ಬಿಸಿ ಫೋನು,
ಅದರೊಳಗಿಂದ ಕರ್, ಕರ್.
ನನ್ನದೇ ಎಂದು ದವಡೆ ಮುಟ್ಟಿಕೊಂಡೆ. ಸುಮ್ಮನಿತ್ತು.

ಸೇಡಂನ ಶಾಹಿದಾ,
ಕಾಳು ಹಾಕದೆ ಬೀಸುಕಲ್ಲು ತಿರುವಿದ ಹಾಗೆ.
ಭಾಲ್ಕಿಯ ತಾನಾಜಿ ತಡೆದು ತಡೆದು, ಲೆಕ್ಕ ತಪ್ಪಿದವನಂತೆ.
ಶಹಾಪುರದ ಮಲ್ಕಪ್ಪ ಎಲ್ಲರಿಗಿಂತ ಜೋರು;
"ನನಗ್ಯಾತರ ಟೆನ್ಷನ್‌ಲೇ" ಎಂದು ಸಂಜೆ ತಾನೇ ನಕ್ಕಿದ್ದ.
ಅವನಪ್ಪ ಹದಿಮೂರು ದಿನದಿಂದ ವಾರ್ಡಿನಲ್ಲಿದ್ದದ್ದು
ನಮಗೆ ಗೊತ್ತಾದದ್ದು ಆಮೇಲೆ.
ಗುರುಮಠಕಲ್ಲಿನ ಅನಸೂಯಾ ಹಲ್ಲು ಕಡಿಯುತ್ತಿರಲಿಲ್ಲ,
ನಿದ್ದೆಯಲ್ಲೇ ಹಾಜರಿ ಹೇಳುತ್ತಿದ್ದಳು:
ಪ್ರೆಸೆಂಟ್ ಸರ್. ಪ್ರೆಸೆಂಟ್ ಸರ್.

ಆಯಿಯ ಕಿವಿಗೆ ಫೋನು ಹಿಡಿದೆ.
ಬಹಳ ಹೊತ್ತು ಕೇಳಿದಳು.
"ಮೂರು ಗಿರಣಿ," ಅಂದಳು, "ಖಾಲಿ ತಿರಗ್ಲಾಕತ್ತಾವ.
ಕಾಳು ಹಾಕವರ‍್ಯಾರೂ ಇಲ್ಲೇನ?"
ಹಾಗೆನ್ನುತ್ತಲೇ, ಕೆನ್ನೆಯಡಿ ಫೋನು ಇಟ್ಟುಕೊಂಡೇ
ನಿದ್ದೆ ಹೋದಳು,
ಮಿಲ್ಲು ನಿಂತಂದಿನಿಂದ ಮೊದಲ ಸಲ.
ನಾನು ಕಟ್ ಮಾಡಲಿಲ್ಲ.

ಈಗ ಮಿಲ್ಲು ನಡೆದಿದೆ. ಅಪ್ಪನಿಗೆ ರಾತ್ರಿ ಪಾಳಿ.
ಆ ಗದ್ದಲದಲ್ಲಿ ಯಾರ ಹಲ್ಲೂ ಯಾರಿಗೂ ಕೇಳಿಸುವುದಿಲ್ಲ.
ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆಯೊಂದು ಮಾತ್ರ
ಹೊರಳಿ ಹೋಗಿ, ಚೂರು ಬಿದ್ದ ಜಾಗ ಮುಟ್ಟಿ
ನಿನ್ನೆಗಿಂತ ಎಷ್ಟು ಸವೆದಿದೆ ಎಂದು
ನೋಡಿ ಬರುತ್ತದೆ.